ತೋಟಾ ಕೊಡದ ದಾಮಣ್ಣ

ಗಿರಾಕಿಗೆ “ಇಲ್ಲ, ಇದನ್ನು ನಿಮಗೆ ಕೊಡುವುದಿಲ್ಲ” ಎಂದು ಹೇಳುವಾಗ ದಾಮಣ್ಣನ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಬೇರೆ ಅಂಗಡಿಯವರಿಗೆ ಆ ಕಳೆ ಮಾಲು ಮಾರಿದಾಗ ಬರುತ್ತದೆ. ಇವರು ಮೊದಲು ಕನ್ನಡಕ ತೆಗೆದು ಗಾಜಿನ ಕೌಂಟರಿನ ಮೇಲಿಡುವರು. ಆಮೇಲೆ ಗಿರಾಕಿಯ ಕೈಯಲ್ಲಿದ್ದ ಕೋವಿಯ ತೋಟಾದ ಪೆಟ್ಟಿಗೆಯನ್ನು, ಎಳೆಮಗುವಿನ ಕೈಯಿಂದ ಕತ್ತರಿ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿಕೊಂಡು, ಹಿಂದಿನ ಕಪಾಟಿನಲ್ಲಿಟ್ಟು ಬೀಗ ತಿರುಗಿಸುವರು. ಎಲ್ಲ ಮುಗಿದ ಮೇಲೆ ಮೀಸೆಯ ಎರಡೂ ತುದಿಗಳನ್ನು ಮುಟ್ಟಿ ನೋಡಿಕೊಂಡು, “ಈಗ ಹೇಳಿ, ಯಾವ ಮೃಗ? ಎಷ್ಟು ದೂರದಿಂದ? ಅಲ್ಲಿ ಚಳಿ ಎಷ್ಟು?” ಎಂದು ಶುರು ಮಾಡುವರು. ವ್ಯಾಪಾರಕ್ಕೆಂದು ಬಂದವನು ಮೌಖಿಕ ಪರೀಕ್ಷೆಗೆ ಬಂದವನಂತೆ ನಿಂತುಬಿಡುತ್ತಿದ್ದ.

ನಮ್ಮ ಅಂಗಡಿ ಮಸ್ಕತ್ತಿನ ವಾದಿ ಅದಾಯ್‌ನಲ್ಲಿದೆ, ಒಂದು ಪಕ್ಕಕ್ಕೆ ಟೈರಿನ ಅಂಗಡಿ, ಇನ್ನೊಂದು ಪಕ್ಕಕ್ಕೆ ಸೋಫಾ ಶೋರೂಮು. ಮುಂದಿನ ಭಾಗದಲ್ಲಿ ಡೇರೆ, ದುರ್ಬೀನು, ಗಾಳ, ಮರಳಿನಲ್ಲಿ ಚಹಾ ಕಾಯಿಸುವ ಸ್ಟವ್ವು. ಒಳಗಿನ ಗಾಜಿನ ಬಾಗಿಲಿನಾಚೆ ಲೈಸೆನ್ಸ್ ಇದ್ದವರಿಗೆ ಮಾತ್ರ ತೋರಿಸುವ ರೈಫಲ್ಲುಗಳು ಮತ್ತು ಕಂಪನಿಯಿಂದ ಸಿದ್ಧವಾಗಿ ಬರುವ ತೋಟಾಗಳು. ಒಮಾನಿನಲ್ಲಿ ಬೇಟೆಗೆ ಕಟ್ಟುನಿಟ್ಟಿನ ತಡೆಯಿದೆ. ಶೂಟಿಂಗ್ ರೇಂಜಿನಲ್ಲಿ ಗುರಿ ಹೊಡೆಯುವವರು ಒಂದು ಬಗೆಯ ಗಿರಾಕಿಗಳು. ವರ್ಷಕ್ಕೋ ಜನ್ಮಕ್ಕೋ ಒಮ್ಮೆ ಪರ್ಮಿಟ್ ಮಾಡಿಸಿಕೊಂಡು ಹೊರದೇಶದ ಬೆಟ್ಟಗಳಿಗೆ ಸಾರಂಗದ ಬೇಟೆಗೆ ಹೋಗುವವರು ಇನ್ನೊಂದು ಬಗೆ. ಈ ಎರಡನೆಯವರೆಂದರೆ ದಾಮಣ್ಣನಿಗೆ ಪ್ರೀತಿ. ಅವರನ್ನೇ ಹೆಚ್ಚು ಗೋಳು ಹೊಯ್ದುಕೊಳ್ಳುತ್ತಿದ್ದದ್ದೂ ಹೌದು.

ನಾನು ಗದಗಿನವಳು. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ಆಮದಿನ ಕಾಗದಪತ್ರ ನೋಡಿಕೊಳ್ಳಲು ಈ ಅಂಗಡಿಗೆ ಸೇರಿದೆ. ಮನೆಯೊಳಗೆ ಮೊಟ್ಟೆಯನ್ನೂ ತರದ ಲಿಂಗಾಯತರ ಹುಡುಗಿ, ಸಾರಂಗ ಹೊಡೆಯುವ ತೋಟಾಗಳ ಬಿಲ್ಲಿಗೆ ಸಹಿ ಹಾಕುವ ಕೆಲಸ. ನನ್ನ ಗಂಡ ಈಗಲೂ ನೆಂಟರ ಮುಂದೆ, “ನಮ್ಮಾಕಿ ಸ್ಪೋರ್ಟ್ಸ್ ಲೈನ್‌ನ್ಯಾಗ ಅದಾಳ್ರೀ” ಎಂದು ಹೇಳಿ ಮಾತು ಬದಲಿಸುತ್ತಾರೆ. ದಾಮಣ್ಣ ಮಲ್ಪೆಯ ಮೊಗವೀರರು, ಹುಟ್ಟಿದ್ದೇ ಮೀನಿನ ಬುಟ್ಟಿಯ ಪಕ್ಕದಲ್ಲಿ. ಉಡುಪಿಯಲ್ಲಿ ಬಿ.ಎಸ್ಸಿ. ಮಾಡಿದವರು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದವರು. “ನಾನು ಫಿಸಿಕ್ಸ್ ಮಾರಾಯ್ತಿ, ಫಿಸಿಕ್ಸ್! ಬರೀ ಸೇಲ್ಸ್‌ಮನ್ ಅಂತ ತಿಳ್ಕೊಳ್ಬೇಡ” ಎಂದು ಮೊದಲ ದಿನವೇ ನನಗೆ ಹೇಳಿದ್ದರು. ವಿನಯ ಎಂಬುದು ಅವರ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ. ಇಸ್ತ್ರಿಯ ಗೆರೆ ಮುರಿಯಬಾರದೆಂದು ಮಧ್ಯಾಹ್ನ ಊಟದ ಹೊತ್ತಿನಲ್ಲೂ ನೆಟ್ಟಗೆ ಕೂರುತ್ತಿದ್ದರು. ತಮ್ಮನ್ನು ತಾವೇ ಹೊಗಳಿಕೊಳ್ಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು, ಗುಟ್ಟು ಹೇಳುವವರ ಹಾಗೆ.

ನನಗೆ ಮೊದಲ ಪಾಠವಾದದ್ದು ಎರಡು ಪೆಟ್ಟಿಗೆಗಳಿಂದ. ಒಂದೇ ಕಂಪನಿ, ಒಂದೇ ಅಳತೆ, ಬೆಲೆ ಮಾತ್ರ ಬೇರೆ ಬೇರೆ. ಸ್ಪರ್ಧೆಗಳಲ್ಲಿ ಗುರಿ ಹೊಡೆಯುವವರು ಒಯ್ಯುವ ದುಬಾರಿ ತೋಟಾವೇ ಸಾರಂಗಕ್ಕೂ ಒಳ್ಳೆಯದಿರಬೇಕೆಂದು ನಾನು ಅದನ್ನು ಬಿಲ್ ಮಾಡಲು ಎತ್ತಿಕೊಂಡಿದ್ದೆ. ದಾಮಣ್ಣ ಕನ್ನಡಕ ತೆಗೆದರು.

“ಅದು ಕಾಗದಕ್ಕೆ ಹೊಡೆಯುವ ಗುಂಡು ಮಾರಾಯ್ತಿ. ತೂತು ಚೆಂದ ಮಾಡ್ತದೆ. ಕಾಗದಕ್ಕೆ ನೋವಾಗುದಿಲ್ಲ, ಓಡಿ ಹೋಗುದೂ ಇಲ್ಲ. ಜೀವ ಇರುವುದಕ್ಕೆ ಬೇರೆ ಬೇಕು. ಒಳಗೆ ಹೋಗಿ ಅರಳ್ಬೇಕು, ಅರಳಿದ್ರೂ ಚೂರು ಚೂರು ಆಗ್ಬಾರ್ದು.”

“ಅಲ್ರೀ ದಾಮಣ್ಣ, ಜೀವಾನ ತಗಿಯೂದದ ಅಂದಮ್ಯಾಲ ಯಾವ ಗುಂಡಾದ್ರ ಏನ್ರೀ?” ಎಂದೆ. ಸ್ವಲ್ಪ ಚುಚ್ಚಬೇಕೆಂದೇ ಕೇಳಿದ್ದು.

ಅವರು ನಗಲಿಲ್ಲ. “ನೀನು ತಿನ್ನುವವಳಲ್ಲ, ಕೇಳ್ಲಿಕ್ಕೆ ನಿನಗೆ ಹಕ್ಕುಂಟು. ಆದ್ರೆ ನೋಡು, ಅವ ಹೇಗಿದ್ರೂ ಹೋಗಿ ಹೊಡೀತಾನೆ. ಅರ್ಧ ಪೆಟ್ಟು ತಿಂದು ಆ ಮೃಗ ಕಾಡೊಳಗೆ ಎರಡು ದಿನ ನರಳಿ ಸಾಯುದಾ, ಇಲ್ಲ ನಿಂತಲ್ಲೇ ಮುಗಿಯುದಾ? ಅದು ನನ್ನ ಕೌಂಟರಿನಲ್ಲಿ ತೀರ್ಮಾನ ಆಗುದು. ಹೊಡೆಯುವವ ಆಮೇಲೆ.”

ಅಂದಿನಿಂದ ನಾನು ಅವರನ್ನು ಚುಚ್ಚುವುದನ್ನು ಬಿಡಲಿಲ್ಲವಾದರೂ ಆ ವಿಷಯದಲ್ಲಿ ಮಾತ್ರ ಚುಚ್ಚಲಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ದೂರದ ಬೇಟೆಗೆಂದು ಬಂದವರಿಗೆ ಒಂದೇ ಪೆಟ್ಟಿಗೆ ಕೊಟ್ಟು ಕಳಿಸಿದವರಲ್ಲ. ಮೂರು ಬಗೆಯದನ್ನು ಒಂದೊಂದು ಪೆಟ್ಟಿಗೆ ಕೊಟ್ಟು, ರೇಂಜಿನಲ್ಲಿ ಹೊಡೆದು ನೋಡಿ ಬನ್ನಿ ಎನ್ನುತ್ತಿದ್ದರು. “ಜಾತಕ ನೋಡಿದ ಹಾಗೆ ಇದು. ಕಂಪನಿ ಒಳ್ಳೇದೇ, ಕೋವಿಯೂ ಒಳ್ಳೇದೇ, ಆದ್ರೂ ಕೆಲವು ಸರ್ತಿ ಕೂಡಿ ಬರುದಿಲ್ಲ. ಯಾವುದು ಬೇಕು ಅಂತ ಕೋವಿಯೇ ಹೇಳ್ಬೇಕು.” ಕೂಡಿ ಬಂದದ್ದನ್ನು ಒಂದೇ ಲಾಟಿನದ್ದಾಗಿ, ಎಂದರೆ ಒಂದೇ ಸಲ ತಯಾರಾದದ್ದಾಗಿ ನೋಡಿ, ಬೇಕಾದಷ್ಟು ಒಟ್ಟಿಗೆ ಎತ್ತಿಡುತ್ತಿದ್ದರು. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವನ್ನು ಯಾರಾದರೂ ಓದಿ ಹೇಳಿದರೆ ಕೈ ಬೀಸಿ, “ಅದು ಕಂಪನಿಯವರ ಉದ್ದ ಕೋವಿಯಲ್ಲಿ ಸಿಕ್ಕಿದ ವೇಗ. ನಿಮ್ಮದರಲ್ಲಿ ಎಷ್ಟು ಬರ್ತದೆ, ಹೊಡೆದು ಹೇಳಿ” ಎನ್ನುವರು. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಿದ್ದರು. ದಾಮಣ್ಣ ಅವರಿಗೆ ಬಾಗಿಲು ತೆರೆದು ಕೊಡುತ್ತಿದ್ದರು, ತುಂಬಾ ಮರ್ಯಾದೆಯಿಂದ.

ಹೀಗಿರುವಾಗ ಅಂಗಡಿಗೆ ಹೊಸ ಮ್ಯಾನೇಜರ್ ಬಂದರು, ಕಿರಣ್ ಅಂತ, ಬೆಂಗಳೂರಿನವರು. ಕೆಟ್ಟವರಲ್ಲ, ಚುರುಕು ಮನುಷ್ಯ. ಆದರೆ ಬಂದ ಗಿರಾಕಿ ಬರಿಗೈಲಿ ಹೋದರೆ ಬಾಗಿಲಿನವರೆಗೂ ಹಿಂಬಾಲಿಸುತ್ತಿದ್ದರು. ದಾಮಣ್ಣನಿಗೂ ಅವರಿಗೂ ಜಗಳ ಕಾವೇರಿದ್ದು ಹಮೂದರ ವಿಷಯದಲ್ಲಿ.

ಹಮೂದ್ ಒಮಾನಿನ ಒಳನಾಡಿನ ನಿಜ್ವಾ ಕಡೆಯ ಹಿರಿಯರು, ಶಾಲೆಯ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಹುಡುಗನಾಗಿದ್ದಾಗ ಮಸ್ಕತ್ತಿನ ಹಳೆಯ ಬಂದರು ಮತ್ರಾದ ಗುಜರಾತಿ ವ್ಯಾಪಾರಿಗಳ ಅಂಗಡಿಯಲ್ಲಿ ಕುಳಿತು ಕಲಿತ ಹಿಂದಿ ಅವರದು, ನನ್ನದಕ್ಕಿಂತ ಚೆನ್ನಾಗಿತ್ತು. ಕಜಕಸ್ತಾನದ ಬೆಟ್ಟಗಳಲ್ಲಿ ಒಂದೇ ಒಂದು ಸಾರಂಗಕ್ಕೆ ಅವರಿಗೆ ಪರ್ಮಿಟ್ ಸಿಕ್ಕಿತ್ತು. ಮೊಣಕಾಲಿನ ಚಿಪ್ಪು ಸವೆದಿತ್ತು. ವಾಪಸ್ ಬಂದ ಮೇಲೆ ಆಪರೇಷನ್, ಆಮೇಲೆ ಬೆಟ್ಟ ಹತ್ತುವ ಮಾತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲಿಯ ನಿಯಮ ಬೇರೆ ಬಿಗಿ: ಗಾಯಗೊಂಡ ಮೃಗ ತಪ್ಪಿಸಿಕೊಂಡು ಹೋದರೂ ಪರ್ಮಿಟ್ ಮುಗಿದಂತೆಯೇ.

ಹಮೂದರಿಗೆ ಕಿರಣ್ ಹಗುರ ಗುಂಡಿನ, ಅತಿವೇಗದ ತೋಟಾ ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ನೆಗೆಯುವ ಸಾರಂಗದ ಚಿತ್ರ. ದಾಮಣ್ಣ ಒಳಗಿನಿಂದ ಬಂದು ನೋಡಿ, ಕನ್ನಡಕ ತೆಗೆದಿಟ್ಟರು.

“ಇದು ಇವರಿಗೆ ಬೇಡ.”

“ಯಾಕ್ರೀ ಬೇಡ? ಇಷ್ಟು ಸ್ಪೀಡಿದೆ, ಲೈನ್ ಹಿಡಿದ ಹಾಗೆ ನೇರ ಹೋಗುತ್ತೆ. ದೂರ ಹೊಡೆಯೋರಿಗೆ ಇದೇ ಅಲ್ವಾ ಬೆಸ್ಟು?” ಎಂದರು ಕಿರಣ್.

“ಹೊರಡುವಾಗ ವೇಗ ಉಂಟು, ಒಪ್ಪಿದೆ. ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಹಗುರ ಗುಂಡಿನ ದಮ್ಮು ಮುಗೀತದೆ, ಗಾಳಿ ಎಲ್ಲಿಗೆ ಬೇಕೋ ಅಲ್ಲಿಗೆ ತಳ್ತದೆ. ಹತ್ತಿರ ಸಿಕ್ಕಿದ್ರೆ ಭುಜದ ಎಲುಬಿಗೇ ಒಡೆದು ಹೋಗ್ತದೆ. ಪೆಟ್ಟಿಗೆ ಮೇಲಿನ ಚಿತ್ರ ನೋಡಿ ತಕ್ಕೊಳ್ಳಿಕ್ಕೆ ಇದೆಂತ ಬಿಸ್ಕೆಟಾ?”

ಮಾತು ಏರಿತು. ಅಂಗಡಿಯ ಒಡೆಯರಾದ ಅರ್ಬಾಬ್ ತಮ್ಮ ಕೋಣೆಯಿಂದ ಎದ್ದು ಬಂದರು. ಗಿರಾಕಿಗಳು ತಿರುಗಿ ಹೋಗುತ್ತಿರುವುದರ ಬಗ್ಗೆ ಕಿರಣ್ ಮೊದಲೇ ಅವರ ಹತ್ತಿರ ದೂರು ಹೇಳಿದ್ದರು. ಅರ್ಬಾಬರ ಮುಂದೆ ನಿಂತು ಹಿಂದಿಯಲ್ಲಿ ದಾಮಣ್ಣ ಹೇಳಿದ್ದಿಷ್ಟು: “ಈ ಮನುಷ್ಯ ನಾನು ಆರಿಸಿಕೊಟ್ಟ ತೋಟಾ ಒಯ್ಯಲಿ. ವಾಪಸ್ ಬಂದು ಅದರ ಮೇಲೆ ಒಂದು ದೂರು ಹೇಳಿದರೆ ನನ್ನ ವೀಸಾ ಕ್ಯಾನ್ಸಲ್ ಮಾಡಿ. ಖಲಾಸ್.” ಅರ್ಬಾಬ್ ದಾಮಣ್ಣನನ್ನೂ ಕಿರಣರನ್ನೂ ನೋಡಿ, “ಸರಿ, ಹಾಗೇ ಆಗಲಿ” ಎಂದರು. ಅವರದು ಹಾಸ್ಯವಾಗಿರಲಿಲ್ಲ.

ಅರವತ್ತರ ಹತ್ತಿರ ಬಂದಿದ್ದ ದಾಮಣ್ಣನಿಗೆ ಈ ದೇಶದಲ್ಲಿ ಇನ್ನೊಂದು ಕಡೆ ವೀಸಾ ಸಿಗುವ ಮಾತೇ ಇರಲಿಲ್ಲ. “ಯಾಕ್ರೀ ದಾಮಣ್ಣ, ಅಷ್ಟು ದೊಡ್ಡ ಮಾತ್ ಯಾಕ ಆಡಿದ್ರಿ?” ಎಂದು ಕೇಳಿದರೆ, ಮೀಸೆಯ ತುದಿ ಮುಟ್ಟಿಕೊಂಡು, “ಸಣ್ಣ ಮಾತು ನನಗೆ ಆಡಿ ಗೊತ್ತಿಲ್ಲ ಮಾರಾಯ್ತಿ” ಎಂದರು.

ಮುಂದಿನ ಶುಕ್ರವಾರ ಬೆಳಿಗ್ಗೆ ಎಲ್ಲರೂ ಊರಾಚೆಯ ರೇಂಜಿಗೆ ಹೋದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹಮೂದ್ ಚಾಪೆಯ ಮೇಲೆ ಮಲಗಿ ಮುನ್ನೂರು ಮೀಟರಿನ ಗುರಿಗೆ ಹೊಡೆಯುವುದು, ದಾಮಣ್ಣ ಕೊಡೆಯ ಕೆಳಗೆ ಕುಳಿತು ದುರ್ಬೀನಿನಲ್ಲಿ ಗುರಿಯ ಹಲಗೆ ನೋಡಿ ಹೇಳುವುದು. ಮೂರರಲ್ಲಿ ದಾಮಣ್ಣ ಅತಿ ಹೆಚ್ಚು ನೆಚ್ಚಿಕೊಂಡಿದ್ದದ್ದು ಭಾರದ ಗುಂಡಿನ ಒಂದು ಬಗೆ. ಅದರ ಬಗ್ಗೆ ದಾರಿಯುದ್ದಕ್ಕೂ ನಮಗೆ ಉಪನ್ಯಾಸವಾಗಿತ್ತು. ಅದನ್ನೇ ಮೊದಲು ಹೊಡೆಸಿದರು. ಗುಂಡುಗಳು ಹಲಗೆಯ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಇನ್ನೊಮ್ಮೆ ಹೊಡೆಸಿದರು, ಅದೇ ಕಥೆ. ಕಿರಣ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ದಾಮಣ್ಣ ಏನಾದರೂ ನೆಪ ಹೇಳುತ್ತಾರೆ, ಗಾಳಿಯನ್ನೋ ಹಮೂದರ ಭುಜವನ್ನೋ ದೂರುತ್ತಾರೆ ಎಂದು ನಾನು ಕಾದಿದ್ದೆ. ಅವರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ತಮ್ಮನ್ನು ಹೊಗಳಿಕೊಳ್ಳುವಾಗ ಎಂದೂ ಬಳಸದ ದೊಡ್ಡ ದನಿಯಲ್ಲಿ ಹೇಳಿದರು: “ನಾನು ಎಣಿಸಿದ್ದು ತಪ್ಪು. ಇದು ಈ ಕೋವಿಗೆ ಆಗುದಿಲ್ಲ. ಯಲ್ಲಾ, ಮುಂದಿನದ್ದು.” ಅಷ್ಟೊಂದು ಜಂಬದ ಮನುಷ್ಯ ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡದ್ದನ್ನು ಕಂಡು ನನಗೆ ಅವರ ಮೇಲೆ ಆದ ಗೌರವ ಇಂದಿಗೂ ಹಾಗೆಯೇ ಇದೆ.

ಎರಡನೆಯದೂ ಅಷ್ಟಕ್ಕಷ್ಟೆ. ಮೂರನೆಯದು, ನಡುತೂಕದ್ದು, ಅಂಗೈಯಗಲದ ಜಾಗದೊಳಗೆ ಕೂತಿತು. ಹಮೂದ್ ಮತ್ತೆ ಮತ್ತೆ ಹೊಡೆದರು, ಗುಂಡುಗಳು ಅದೇ ಅಂಗೈಯೊಳಗೆ. ಅವರು ಮಲಗಿದಲ್ಲಿಂದಲೇ ದಾಮಣ್ಣನ ಕಡೆ ಕೈ ಎತ್ತಿದರು. ಕಿರಣ್ ಕೂಡ ಚೆನ್ನಾಗಿದೆ ಎಂದು ಒಪ್ಪಿಕೊಂಡು ಕಾರಿನ ಬೀಗದ ಕೈ ತೆಗೆದರು.

“ಎಲ್ಲಿಗೆ? ಕೆಲಸ ಅರ್ಧ ಆದದ್ದಷ್ಟೆ” ಎಂದು ದಾಮಣ್ಣ ತಮ್ಮ ಕಾರಿನಿಂದ ಒಂದು ನೀಲಿ ಐಸ್ ಪೆಟ್ಟಿಗೆ ಹೊತ್ತು ತಂದರು. ಅದು ಅವರು ಪ್ರತಿ ವಾರ ಮತ್ರಾದಿಂದ ಮೀನು ತರುವ ಪೆಟ್ಟಿಗೆ. ಮುಚ್ಚಳ ತೆರೆದದ್ದೇ ನಾನು ಮೂಗಿಗೆ ಸೆರಗು ಹಿಡಿದೆ. ಐಸಿನ ನಡುವೆ, ನೀರು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟ, ಅದೇ ಲಾಟಿನ ತೋಟಾಗಳು. ಹಿಂದಿನ ಸಂಜೆಯೇ ಮೂರೂ ಬಗೆಯದನ್ನು ಅದರಲ್ಲಿ ಇಟ್ಟಿದ್ದರಂತೆ. ಪಕ್ಕದಲ್ಲಿ ಗುರಿ ಹೊಡೆಯುತ್ತಿದ್ದವರೆಲ್ಲ ಬಂದು ಸುತ್ತ ನಿಂತು ನಕ್ಕರು. ಯಾರೋ, “ಮೀನು ಹೊಡೆಯಲು ಹೋಗುತ್ತಿದ್ದೀರಾ?” ಎಂದು ಅರಬ್ಬಿಯಲ್ಲಿ ಕೇಳಿದರು.

ದಾಮಣ್ಣ ಕೋವಿಯ ನಳಿಗೆ ತಣಿಯುವವರೆಗೆ ಕಾಯಿಸಿದರು. ಆಮೇಲೆ ಐಸಿನಿಂದ ಒಂದೊಂದೇ ತೋಟಾ ತೆಗೆದು ಕೊಟ್ಟು, ಕೊಟ್ಟ ಕೂಡಲೇ ಹೊಡೆಸಿದರು. ಈ ಸಲವೂ ಗುಂಡುಗಳು ಒಂದೇ ಕಡೆ ಬಿದ್ದವು, ಆದರೆ ಮೊದಲಿನ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ. ನಗು ನಿಂತಿತು.

“ಇಲ್ಲಿಯ ಬಿಸಿಲಿನಲ್ಲಿ ಮದ್ದು ಕಾದು ಜೋರಾಗಿ ತಳ್ತದೆ. ಅಲ್ಲಿಯ ಹಿಮದಲ್ಲಿ ಅದಕ್ಕೆ ಅಷ್ಟು ಹುರುಪು ಇರುದಿಲ್ಲ” ಎಂದು ನನಗೆ ವಿವರಿಸಿದರು. “ನಮ್ಮ ಜನ ಎಂತ ಮಾಡ್ತಾರೆ, ಈ ಸೆಖೆಯಲ್ಲಿ ಗುರಿ ಸರಿ ಮಾಡಿಕೊಳ್ತಾರೆ, ತೋಟಾ ಕಾರಿನಲ್ಲೇ ಬಿಟ್ಟಿರ್ತಾರೆ, ಅಲ್ಲಿ ಹೋಗಿ ಹೊಡೀತಾರೆ. ಗುಂಡು ಎದೆಗೆ ಹೋಗುವ ಬದಲು ಕಾಲಿಗೆ ಹೋಗ್ತದೆ. ಆಮೇಲೆ ಕೋವಿಯನ್ನು ಬೈಯುದು!” ಹಮೂದರಿಗೂ ಅದನ್ನೇ ಹಿಂದಿಯಲ್ಲಿ ಹೇಳಿ, ಅಲ್ಲಿ ತಲುಪಿದ ಮೇಲೆ ಮೊದಲು ಮತ್ತೊಮ್ಮೆ ಕಾಗದಕ್ಕೆ ಹೊಡೆದು ನೋಡದೆ ಬೆಟ್ಟಕ್ಕೆ ಹೋಗಬಾರದೆಂದು ಮಾತು ತೆಗೆದುಕೊಂಡರು.

ಕೊನೆಗೆ ಗುರಿಯನ್ನು ದೂರ ದೂರ ಸರಿಸುತ್ತಾ ಹೊಡೆಸಿದರು. ಮುನ್ನೂರೈವತ್ತು ಮೀಟರಿನ ಆಚೆ ಹಮೂದರ ಗುಂಡುಗಳು ಅಂಗೈ ಬಿಟ್ಟು ಹೊರಗೆ ಹರಡತೊಡಗಿದವು. ದಾಮಣ್ಣ ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು.

“ಮುನ್ನೂರೈವತ್ತು. ಅಷ್ಟೇ. ಗುಂಡಿಗೆ ಇನ್ನೂ ಸ್ವಲ್ಪ ದೂರ ಹೋಗುವ ಶಕ್ತಿ ಇದೆ. ನಿಮ್ಮ ಕೈಗೆ ಇಲ್ಲ. ಯಾರು ಹೇಳಿದರೂ ಅದರಾಚೆ ಹೊಡೆಯಬಾರದು.”

ಒಬ್ಬ ಹೆಡ್‌ಮಾಸ್ಟರಿಗೆ ಹಾಗೆ ಮುಖಕ್ಕೆ ಹೇಳುವವರು ಯಾರಿದ್ದಾರೆ? ಹಮೂದ್ ಮುಖ ತಿರುಗಿಸಿ ಕೋವಿಯನ್ನು ಚೀಲಕ್ಕೆ ಹಾಕಿಕೊಂಡರು. ಅವರಿಗೆ ಬೇಸರವಾಗಿದೆ ಎಂದು ನಮಗೆಲ್ಲ ಅನ್ನಿಸಿತು. ಅವರು ಕಜಕಸ್ತಾನಕ್ಕೆ ಹೊರಟು ಹೋದ ಮೇಲಿನ ದಿನಗಳಲ್ಲಿ ದಾಮಣ್ಣ ಎಂದಿನಂತೆ ನೆಟ್ಟಗೆ ಕೂತು ಉಣ್ಣುತ್ತಿದ್ದರು, ಆದರೆ ಬಾಗಿಲು ತೆರೆದಾಗಲೆಲ್ಲ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. “ಸುದ್ದಿ ಏನಾದ್ರೂ ಬಂತಾ?” ಎಂದು ಕಿರಣ್ ದಿನಾ ಕೇಳುತ್ತಿದ್ದರು.

ಹಮೂದ್ ಬಂದದ್ದು ಒಂದು ಗುರುವಾರ, ಕೋಲು ಊರಿಕೊಂಡು. ಫೋಟೋ ತೋರಿಸಲಿಲ್ಲ, ಮೊಬೈಲನ್ನೂ ಹೊರ ತೆಗೆಯಲಿಲ್ಲ. ಜೇಬಿನಿಂದ ತೋಟಾದ ಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟರು. ಕಿರಣ್ ಅರ್ಬಾಬರನ್ನು ಕರೆದುಕೊಂಡು ಬಂದರು.

“ಸಾರಂಗ ಸಿಗಲಿಲ್ಲವೇ?” ಎಂದು ಅರ್ಬಾಬ್ ಕೇಳಿದರು.

“ಸಿಕ್ಕಿತು” ಎಂದರು ಹಮೂದ್. “ಕೊನೆಯ ದಿನ. ಕಮರಿಯ ಆಚೆ ದಡದಲ್ಲಿ ನಿಂತಿತ್ತು. ಅಂಥದ್ದನ್ನು ನಾನು ಕನಸಿನಲ್ಲೂ ಕಂಡಿಲ್ಲ. ಜೊತೆಗಿದ್ದ ಗೈಡು ಯಂತ್ರದಲ್ಲಿ ಅಳೆದು ನಾನೂರ ಮೂವತ್ತು ಎಂದ. ಹೊಡೆಯಿರಿ, ಎಲ್ಲರೂ ಹೊಡೆಯುತ್ತಾರೆ ಎಂದ. ಹತ್ತಿರ ಹೋಗಲು ನನ್ನ ಕಾಲು ಕೇಳಲಿಲ್ಲ. ಮಲಗಿ ಗುರಿ ಹಿಡಿದೆ, ತುಂಬಾ ಹೊತ್ತು ನೋಡಿದೆ. ಆಮೇಲೆ ಕೋವಿಯಿಂದ ತೋಟಾ ತೆಗೆದೆ. ಅದು ಹೊರಟು ಹೋಯಿತು.”

ಕಿರಣ್ ಮೆಲ್ಲಗೆ, “ಆ ಹಗುರ ಗುಂಡಾಗಿದ್ದರೆ ಅಷ್ಟು ದೂರ ತಲುಪುತ್ತಿತ್ತು ಸರ್” ಎಂದರು.

“ತಲುಪುತ್ತಿತ್ತು” ಎಂದರು ಹಮೂದ್. “ಎಲ್ಲಿಗೆ ತಲುಪುತ್ತಿತ್ತು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.” ಆಮೇಲೆ ಅರ್ಬಾಬರ ಕಡೆ ತಿರುಗಿ, “ದೂರು ಹೇಳಲು ಬಂದಿಲ್ಲ. ನನ್ನ ಅಳತೆ ನನಗೆ ಹೇಳಿದವನು ಈ ಊರಿನಲ್ಲಿ ಇವನೊಬ್ಬನೇ. ಅದನ್ನು ಹೇಳಿ ಹೋಗೋಣವೆಂದು ಬಂದೆ” ಎಂದರು.

ದಾಮಣ್ಣ ಆಗ ಏನಾದರೂ ದೊಡ್ಡ ಮಾತು ಆಡುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ ಹಾಲಿಲ್ಲದ ಸುಲೈಮಾನಿ ಚಹಾ ಮಾಡಿ ತಂದರು. ಮೊದಲ ಲೋಟ ಹಮೂದರಿಗೆ ಕೊಟ್ಟರು. ಸಾರಂಗ ಉಳಿಯಿತಲ್ಲ ಎಂಬ ಸಂತೋಷ ನನ್ನದು, ಅದನ್ನು ಅಲ್ಲಿ ಹೇಳುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯನ ಪಕ್ಕದ ಮೇಜಿನಲ್ಲಿ ನಾನು ಕೆಲಸ ಮಾಡುತ್ತೇನೆ ಎಂಬ ಹೆಮ್ಮೆ. ಅಂದು ಮನೆಗೆ ಹೋಗಿ ಗಂಡನಿಗೆ, ನೆಂಟರು ಕೇಳಿದರೆ ಇನ್ನು ಮೇಲೆ ಅಂಗಡಿಯ ಹೆಸರು ಸರಿಯಾಗಿ ಹೇಳಿ ಎಂದೆ.

ವಯಸ್ಸಿನ ಮಿತಿ ದಾಟಿದ್ದರಿಂದ ಎರಡು ವರ್ಷಗಳ ನಂತರ ದಾಮಣ್ಣನ ವೀಸಾ ಮತ್ತೆ ನವೀಕರಣವಾಗಲಿಲ್ಲ. ಊರಿಗೆ ಹೋದ ಮೇಲೆ ಬಹಳ ಕಾಲ ಇರಲಿಲ್ಲ. ಮಲ್ಪೆಯ ಮನೆಯಲ್ಲೇ ನಿದ್ದೆಯಲ್ಲಿ ಹೋದರು ಎಂದು ಅವರ ಮಗಳು ಫೋನ್ ಮಾಡಿ ತಿಳಿಸಿದಳು. ಈಗ ಆ ಕೌಂಟರಿನಲ್ಲಿ ನಾನಿದ್ದೇನೆ. ಮಾರಾಟದ ಲೆಕ್ಕ ನೋಡುವ ಕಿರಣ್ ಈಚೆಗೆ ಹೊಸ ಗಿರಾಕಿ ಬಂದರೆ ತಾವೇ, “ಮೇಡಂ ಕೇಳೋ ಪ್ರಶ್ನೆಗೆಲ್ಲ ಉತ್ತರ ಕೊಡಿ ಸರ್, ಇಲ್ದಿದ್ರೆ ಕೊಡಲ್ಲ” ಎಂದು ಎಚ್ಚರಿಸುತ್ತಾರೆ.

ನಾನು ದಾಮಣ್ಣನನ್ನು ಕೊನೆಯ ಸಲ ನೋಡಿದ್ದು ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ. ಬೀಳ್ಕೊಡಲು ನಾವು ಗಂಡ ಹೆಂಡತಿ ಹೋಗಿದ್ದೆವು. ಮಂಗಳೂರು ವಿಮಾನದ ಸಾಲು ಉದ್ದವಿತ್ತು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಕಂಬಳಿ ಸುತ್ತಿದ ಟೀವಿಗಳು, ಅಳುವ ಮಕ್ಕಳು. ನಿಜ್ವಾದಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಹಮೂದರೂ ಬಂದಿದ್ದರು, ಆಪರೇಷನ್ ಆದ ಕಾಲನ್ನು ಎಳೆಯುತ್ತಾ, ಬಿಳಿ ದಿಶ್‌ದಾಶದ ನಿಲುವಂಗಿಯಲ್ಲಿ. ಅವರನ್ನು ಕಂಡದ್ದೇ ದಾಮಣ್ಣ ಸಾಲು ಬಿಟ್ಟು ಹೊರಗೆ ಬಂದರು, ಕೈ ಹಿಡಿದು ಕರೆತಂದು ಸಾಲಿನ ಮುಂದೆ ನಿಲ್ಲಿಸಿದರು. ತಮ್ಮನ್ನು ಬಿಟ್ಟು ಬೇರೆ ಯಾರನ್ನೂ ಹೊಗಳದ ಮನುಷ್ಯ, ಮುಂದೆ ನಿಂತ ಗುರುತು ಪರಿಚಯವಿಲ್ಲದ ಬಂಟ್ವಾಳ, ಕಾಪು, ಕುಂದಾಪುರದ ಜನರಿಗೆ ಎತ್ತರದ ದನಿಯಲ್ಲಿ ಹೇಳಿದರು:

“ಇವರು ಯಾರು ಗೊತ್ತುಂಟಾ ಮಾರಾಯ್ರೆ? ಸಾರಂಗ ಎದುರು ನಿಂತಿದ್ರೂ ಹೊಡೆಯದೆ ಬಂದವರು! ನನ್ನ ಗಿರಾಕಿ!”

ಜನ ಏನೂ ಅರ್ಥವಾಗದೆ ನೋಡಿದರು. ಕನ್ನಡ ಬಾರದ ಹಮೂದರಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಅವರು ಕೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಕಾಲಿನ ಮೇಲೆ ಭಾರ ಹಾಕಿ, ಆ ಸಾಲಿನ ಮುಂದೆ ನೆಟ್ಟಗೆ ನಿಂತರು.